ನನ್ನ ಬದಲು ಮಗುವನ್ನು ಮಲಗಿಸಿದ್ದು ಯಾರು?

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ‘ನಿದ್ದೆಗೆಟ್ಟ ತಲೆ, ಏನೋ ಭ್ರಮೆ’ ಅನ್ನುತ್ತಾರೆಂದು ಗೊತ್ತು. ಭ್ರಮೆಯಾಗಿದ್ದರೆ ನನಗೇ ಎಷ್ಟೋ ಸಮಾಧಾನವಿತ್ತು. ಆದರೆ ಕಣ್ಣಾರೆ ಕಂಡದ್ದು ನಾನಲ್ಲ, ಪಕ್ಕದ ಮನೆಯವರು. ಅವರಿಗೆ ಸುಳ್ಳು ಹೇಳಬೇಕಾದ ಯಾವ ಕಾರಣವೂ ಇರಲಿಲ್ಲ. ಸುಳ್ಳು ಹೇಳಿದವಳು ನಾನು.

ಆಗ ನಾವು ಕೊಯಿಲದ ಹತ್ತಿರ ಬಾಡಿಗೆಗೆ ಇದ್ದೆವು. ಜಾನುವಾರು ಫಾರ್ಮಿನ ಹುಲ್ಲುಗುಡ್ಡ ಮುಗಿಯುವಲ್ಲಿ, ಒಂದೇ ಅಂಗಳಕ್ಕೆ ಮುಖ ಮಾಡಿದ ಎರಡು ಟೆರೇಸ್ ಮನೆಗಳು. ಒಂದರಲ್ಲಿ ಎರಡೂ ಮನೆಗಳ ಯಜಮಾನಿ ಏಲಿಕುಟ್ಟಿ. ತಂದೆಯ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ತೋಟ ಹಾಕಿದ ಕುಟುಂಬ. ಅವರನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು; ನನ್ನನ್ನು ಅವರು ಮೋಳೇ, ಮಗಳೇ, ಅನ್ನುತ್ತಿದ್ದರು. ಇನ್ನೊಂದರಲ್ಲಿ ನಾನು, ನನ್ನ ಗಂಡ ದೀಪಕ್, ಒಂಬತ್ತು ತಿಂಗಳ ನಿಧಿ. ದೀಪಕ್‌ಗೆ ಪುತ್ತೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ನಾನು ಕಡಬದ ಕಡೆಯ ಒಂದು ಶಾಲೆಯಲ್ಲಿ ಟೀಚರ್. ನಾನು ಶಾಲೆಯಲ್ಲಿರುವಾಗ ಮಗುವನ್ನು ಚೇಚಿ ನೋಡಿಕೊಳ್ಳುತ್ತಿದ್ದರು.

ರಾತ್ರಿ ಮಾತ್ರ ನಾನೊಬ್ಬಳೇ.

ನಿಧಿ ಮಲಗುತ್ತಿರಲಿಲ್ಲ... ಗಂಟೆಗೊಮ್ಮೆ ಏಳುವುದು, ಹಾಲಿಗೆ ಹುಡುಕುವುದು. ಹೆಗಲಿಗೆ ಹಾಕಿಕೊಂಡು ನಡೆದರೆ ಕಣ್ಣು ಮುಚ್ಚುವುದು, ಹಾಸಿಗೆಗೆ ಬೆನ್ನು ತಾಗಿದ ಕೂಡಲೇ ಮತ್ತೆ ಅಳು. ಜೊತೆಗಿದ್ದ ನನ್ನ ಅಮ್ಮ, ಅತ್ತಿಗೆಯ ಹೆರಿಗೆ ಹತ್ತಿರ ಬಂತೆಂದು ನನ್ನ ತವರು ಅರಂತೋಡಿಗೆ ವಾಪಸು ಹೋಗಿದ್ದರು. ಒಂದು ಸಂಜೆ ಶಾಲೆಯಿಂದ ಬರುವಾಗ ಸ್ಕೂಟರಿನ ಮೇಲೆಯೇ ನನ್ನ ಕಣ್ಣು ಮುಚ್ಚಿತು. ಎಚ್ಚರಾದಾಗ ಸ್ಕೂಟರ್ ರಸ್ತೆ ಬಿಟ್ಟು ಮಣ್ಣಿಗಿಳಿದಿತ್ತು, ಎದುರಿಗೆ ಮೋರಿಯ ಕಟ್ಟೆ. ಬಿದ್ದು ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅಂದು ಹೆದರಿಹೋದೆ.

ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಮಗುವಿಗೆ ಹಾಲು ಕುಡಿಸಿ, ಎಚ್ಚರವಿರುವಾಗಲೇ ಅದರ ಮಂಚದಲ್ಲಿ ಮಲಗಿಸಿ ಹೊರಗೆ ಬನ್ನಿ. ಅತ್ತರೂ ಎತ್ತಬೇಡಿ, ಕೆಲವು ರಾತ್ರಿ ಅತ್ತು ತಾನೇ ಮಲಗಲು ಕಲಿಯುತ್ತದೆ... ದೀಪಕ್‌ಗೆ ತೋರಿಸಿದೆ. ಅವನು ಬೇಡ ಅನ್ನಲಿಲ್ಲ.

“ನನಗೆ ಆಫ್ ಇರುವ ದಿನ ಮಾಡುವ. ಒಬ್ಬಳೇ ಮಾಡ್ಬೇಡ ಮಾರಾಯ್ತಿ,” ಎಂದ.

ನಾನು ಅಷ್ಟು ದಿನ ಕಾಯಲಿಲ್ಲ. ಅವನು ಡ್ಯೂಟಿಗೆ ಹೋದ ರಾತ್ರಿಯೇ ನಿಧಿಯನ್ನು ಚಿಕ್ಕ ಕೋಣೆಯ ಮಂಚದಲ್ಲಿ ಮಲಗಿಸಿ ಬಾಗಿಲು ಹಾಕಿದೆ. ಆ ಅಳು ಕೇಳಲಾಗಲಿಲ್ಲ. ಸ್ವಲ್ಪ ಹೊತ್ತಿಗೇ ಒಳಗೆ ಓಡಿ ಎತ್ತಿಕೊಂಡುಬಿಟ್ಟೆ.

ಮರುದಿನ ರಾತ್ರಿ ನನ್ನನ್ನು ನಾನೇ ನಂಬಲಿಲ್ಲ. ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಕಿವಿಗೆ ಇಯರ್‌ಫೋನ್ ಇಟ್ಟು, ಹಾಡು ಹಾಕಿ, ಊಟದ ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆ ಹರಡಿಕೊಂಡು ಕುಳಿತೆ. ಹಾಡು ಬದಲಾಗುವ ನಡುವೆ ಅಳು ಕೇಳಿಸುತ್ತಿತ್ತು. ನಾನು ವಾಲ್ಯೂಮ್ ಹೆಚ್ಚಿಸಿದೆ.

ಹೌದು... ಹೆಚ್ಚಿಸಿದೆ.

ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಎಚ್ಚರವಾದಾಗ ಕೆನ್ನೆ ಮೇಜಿನ ಮೇಲಿತ್ತು, ಮೊಬೈಲ್ ಚಾರ್ಜ್ ಮುಗಿದು ಸತ್ತಿತ್ತು. ಮನೆ ಪೂರ್ತಿ ನಿಶ್ಶಬ್ದ. ದೂರದಲ್ಲಿ ಫಾರ್ಮಿನ ಕಡೆ ಒಂದು ಕರು ಕೂಗಿದ್ದು ಮಾತ್ರ ಕೇಳಿಸಿತು. ಕೋಣೆಗೆ ಓಡಿದೆ. ಚಿಲಕ ಹಾಕಿದ ಹಾಗೆಯೇ ಇತ್ತು. ತೆಗೆದೆ.

ನಿಧಿ ಮಗ್ಗುಲಾಗಿ ಮಲಗಿದ್ದಳು. ಉಸಿರು ಸರಿಯಾಗಿತ್ತು. ಆದರೆ ಅಷ್ಟು ಅತ್ತ ಮಗುವಿನ ಮುಖದಲ್ಲಿ ಕಣ್ಣೀರಿನ ಒಂದು ಗೆರೆಯೂ ಇಲ್ಲ. ಯಾರೋ ಒರೆಸಿದ ಹಾಗೆ... ಕೋಣೆಯಲ್ಲಿ ಸೌದೆ ಒಲೆಯ ಹೊಗೆಯ ವಾಸನೆ, ಅದರ ಜೊತೆ ಮೊಲೆಹಾಲಿನ ವಾಸನೆ. ಬಗ್ಗಿ ನೋಡಿದರೆ ಅವಳ ತುಟಿಯ ಅಂಚಿನಲ್ಲಿ ಹಾಲು ಇನ್ನೂ ಹಸಿಯಾಗಿತ್ತು.

ಅವಳನ್ನು ಮಲಗಿಸಿದ ಮೇಲೆ ನಾನು ಕುಡಿಸಿರಲಿಲ್ಲ. ನನ್ನ ನೈಟಿ ಎದೆಯ ಹತ್ತಿರ ಒದ್ದೆಯಾಗಿ, ಎದೆ ಕಲ್ಲಿನಂತೆ ಬಿಗಿದು ನೋಯುತ್ತಿತ್ತು. ಬೆಳಗ್ಗೆ ಕುಡಿಸಲು ಹೋದರೆ ನಿಧಿ ಮುಖ ತಿರುಗಿಸಿದಳು. ಹೊಟ್ಟೆ ತುಂಬಿದ ಮಗು ತಿರುಗಿಸುತ್ತದಲ್ಲ, ಹಾಗೆ.

ಅವಳನ್ನು ಬಿಡಲು ಚೇಚಿಯ ಮನೆಗೆ ಹೋದಾಗ ಅವರು ನನ್ನನ್ನು ಮರುಕದಿಂದ ನೋಡಿದರು.

“ಪಾಪ ಮೋಳೇ, ರಾತ್ರಿ ಇಡೀ ನಿದ್ದೆ ಇಲ್ಲ ಅಲ್ವಾ ನಿಂಗೆ? ಕಾಲು ನೋವು ಅಂತ ನಾನು ಎದ್ದಿದ್ದೆ. ಸಿಟೌಟಲ್ಲಿ ನೀನು ಮಗುವನ್ನು ಹೆಗಲಿಗೆ ಹಾಕಿ ನಡೀತಾ ಇದ್ದದ್ದು ನೋಡಿದೆ. ಎಷ್ಟು ಚಂದ ತಟ್ತಿ ನೀನು.”

ಮನೆಯ ಮುಂಬಾಗಿಲಿಗೆ ನಾನು ಒಳಗಿನಿಂದ ಬೀಗ ಹಾಕಿದ್ದೆ. ಸಿಟೌಟಿಗೆ, ಹೊರಗಿನ ಜಗಲಿಗೆ, ಕಾಲೇ ಇಟ್ಟಿರಲಿಲ್ಲ.

ಚೇಚಿ ಮಗುವನ್ನು ಎತ್ತಿಕೊಳ್ಳುತ್ತಾ ಮತ್ತೊಂದು ಮಾತು ಸೇರಿಸಿದರು. “ಮನೆಯಲ್ಲಿ ಸೀರೆ ಉಡುದು ಒಳ್ಳೇದು. ಈಗಿನವರು ಯಾರು ಉಡ್ತಾರೆ?”

ನಾನು ಮದುವೆ ಮುಂಜಿಗೆ ಬಿಟ್ಟು ಸೀರೆ ಉಡುವವಳಲ್ಲ. ‘ಅದು ನಾನಲ್ಲ ಚೇಚಿ’ ಎಂದು ಹೇಳಬೇಕಿತ್ತು. ಹೇಳಿದರೆ ‘ಮತ್ತೆ ನೀನೆಲ್ಲಿದ್ದಿ?’ ಎಂಬ ಪ್ರಶ್ನೆ ಬರುತ್ತಿತ್ತು. ಚಿಲಕದ ವಿಷಯ, ಇಯರ್‌ಫೋನಿನ ವಿಷಯ ಹೇಳಬೇಕಾಗುತ್ತಿತ್ತು.

“ಹೌದು ಚೇಚಿ,” ಎಂದೆ.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಇಷ್ಟಾದ ಮೇಲೆ ಯಾವ ತಾಯಿಯಾದರೂ ಮಗುವನ್ನು ಎದೆಗವಚಿಕೊಂಡು ತವರಿಗೆ ಓಡುತ್ತಿದ್ದಳು. ನಾನು ಹಗಲಿಡೀ ಹೆದರಿದೆ, ದೇವರಿಗೆ ದೀಪ ಹಚ್ಚಿದೆ, ರಾತ್ರಿಯಾದಾಗ ಆಯಾಸದಿಂದ ಕಾಲೇ ನಿಲ್ಲುತ್ತಿರಲಿಲ್ಲ... ಮತ್ತೆ ಬಾಗಿಲು ಹಾಕಿದೆ. ಅಳು ಶುರುವಾಯಿತು. ಸ್ವಲ್ಪ ಹೊತ್ತು. ಆಮೇಲೆ ಒಮ್ಮೆಲೇ ನಿಂತಿತು. ಮತ್ತೆ ಮೆಲ್ಲಗೆ, ಬಹಳ ಮೆಲ್ಲಗೆ, ಬಾಗಿಲಿನ ಆಚೆಯಿಂದ ಬೆನ್ನು ತಟ್ಟುವ ಸದ್ದು.

ದಪ್... ದಪ್... ದಪ್...

ನಾನು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ. ಹೇಗಿದ್ದರೂ ಯಾರೋ ನೋಡಿಕೊಳ್ಳುತ್ತಾರಲ್ಲ ಎಂದು ಮನಸ್ಸಿನಲ್ಲಿ ಬಂದದ್ದು ನಿಜ. ತಿಂಗಳುಗಳ ನಂತರ ನನಗೆ ಅಂಥ ನಿದ್ದೆ ಬಂತು.

ಆ ವಾರವಿಡೀ ಹಾಗೆಯೇ ಆಯಿತು. ಶಾಲೆಯಲ್ಲಿ ಪಾಠ ಸರಿಯಾಯಿತು, ಮುಖದ ಕಳೆ ಮರಳಿತು. ಚೇಚಿ ಸಿಕ್ಕವರಿಗೆಲ್ಲ ನನ್ನನ್ನು ಹೊಗಳಿದರು. ದೀಪಕ್ ಒಂದು ಬೆಳಗ್ಗೆ ಬಂದವನೇ ನನ್ನ ಕೈ ಹಿಡಿದುಕೊಂಡ. ನಾನು ಅಲ್ಲಿ ಏಸಿಯಲ್ಲಿ ಕೂತಿರುತ್ತೇನೆ, ನೀನು ಇಲ್ಲಿ ಮಗುವನ್ನು ಹೊತ್ತು ನಡೆಯುತ್ತೀ ಎನ್ನುವಾಗ ಅವನ ಕಣ್ಣು ತುಂಬಿತ್ತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ಆದರೆ ನನ್ನ ಹಾಲು ಕಡಿಮೆಯಾಗುತ್ತಾ ಬಂತು. ಬೆಳಗ್ಗೆಯಾಗಲಿ ಸಂಜೆಯಾಗಲಿ ನಿಧಿ ನನ್ನ ಹತ್ತಿರ ಕುಡಿಯಲು ಒಲ್ಲಳು. ಒಂದು ಸಂಜೆ ನೆಲದಲ್ಲಿ ತೆವಳುತ್ತಾ ಹೋಗಿ ಹೊಸ್ತಿಲಿಗೆ ಹಣೆ ಬಡಿದುಕೊಂಡಳು. ನಾನು ಓಡಿ ಹೋಗಿ ಎತ್ತಿದೆ. ಅವಳು ಎರಡೂ ಕೈಯಲ್ಲಿ ನನ್ನ ಎದೆಯನ್ನು ದೂಡಿ, ಆ ಚಿಕ್ಕ ಕೋಣೆಯ ಕಡೆಗೆ ಕೈ ಚಾಚಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ... ಆದರೂ ಅವಳು ಅಳು ನಿಲ್ಲಿಸಿ ನಕ್ಕಳು.

ಅವತ್ತು ಹೆದರಿಕೆಗಿಂತ ಮೊದಲು ಬಂದದ್ದು ನಾಚಿಕೆ. ನಾನಾಗಿ ಬಾಗಿಲು ಹಾಕಿ ಒಪ್ಪಿಸಿದ್ದೆ. ಯಾರಿಗೆ ಎಂದೂ ಕೇಳಿರಲಿಲ್ಲ.

ಅಂದು ರಾತ್ರಿ ತಟ್ಟುವ ಸದ್ದು ಶುರುವಾದ ಕೂಡಲೇ ಬಾಗಿಲು ತೆಗೆದೆ. ಹೊಗೆಯ ವಾಸನೆ ಮುಖಕ್ಕೆ ಬಡಿಯಿತು. ನಿಧಿ ಮಂಚದಲ್ಲಿ ಕಣ್ಣು ಬಿಟ್ಟು ಮಲಗಿ, ಮೇಲಕ್ಕೆ ಯಾರ ಮುಖವನ್ನೋ ನೋಡುವ ಹಾಗೆ ನಗುತ್ತಿದ್ದಳು. ನನ್ನನ್ನು ಕಂಡದ್ದೇ ಆ ನಗು ಹೋಯಿತು.

ಎತ್ತಿಕೊಂಡೆ. ಕಿರುಚಿದಳು. ನೆಲದಲ್ಲಿ ಕೂತು ಹೆಗಲಿಗೆ ಹಾಕಿ ಬೆನ್ನು ತಟ್ಟತೊಡಗಿದೆ. ನನ್ನ ತಟ್ಟುವಿಕೆಯೇ ತಪ್ಪುತ್ತಿತ್ತು. ನಿಲ್ಲಿಸಿದೆ.

ನನ್ನ ಕೈ ನಿಂತಿತ್ತು. ತಟ್ಟುವ ಸದ್ದು ನಿಂತಿರಲಿಲ್ಲ...

ಅವಳ ಬೆನ್ನ ಮೇಲೆ ನನ್ನ ಅಂಗೈ ಸುಮ್ಮನೆ ಇತ್ತು. ಅದರ ಮೇಲೆ, ಹಗುರವಾಗಿ, ಬೆಚ್ಚಗೆ, ಇನ್ನೊಂದು ಕೈ ತಟ್ಟುತ್ತಿತ್ತು. ಕೋಪವಿಲ್ಲ, ಅವಸರವಿಲ್ಲ. ಬಾರದವರಿಗೆ ಕಲಿಸಿಕೊಡುವ ಹಾಗೆ.

ಹೇಗೋ ಹೇಳಿದೆ. “ತಪ್ಪಾಯ್ತು... ಇವಳು ನನ್ನ ಮಗಳು. ನನಗೆ ಕೊಡಿ.”

ಸದ್ದು ನಿಂತಿತು. ಹೊಗೆಯ ವಾಸನೆ ಮೆಲ್ಲಗೆ ಇಲ್ಲವಾಯಿತು. ನಿಧಿ ಒಮ್ಮೆ ಸುತ್ತ ನೋಡಿ, ಯಾರೂ ಕಾಣದೆ ಇನ್ನೂ ಜೋರಾಗಿ ಅಳತೊಡಗಿದಳು. ಅವಳನ್ನು ಹೊತ್ತು ಸಿಟೌಟಿಗೆ ಬಂದು ಲೈಟ್ ಹಾಕಿದೆ. ಈ ತುದಿಯಿಂದ ಆ ತುದಿಗೆ ನಡೆದೆ. ಹೆಗಲು ಬದಲಿಸಿದೆ, ಕುಡಿಸಲು ನೋಡಿದೆ, ಕೂತೆ, ಮತ್ತೆ ಎದ್ದೆ. ಬೆಳಕು ಹರಿಯುವ ಹೊತ್ತಿಗೆ ಬಿಕ್ಕುತ್ತಾ ಬಿಕ್ಕುತ್ತಾ ನನ್ನ ಎದೆಗೆ ಬಾಯಿ ಹಾಕಿದಳು. ಇದ್ದಷ್ಟು ಹಾಲು ಕುಡಿದು, ನನ್ನ ಮೈಮೇಲೆಯೇ ಮಲಗಿದಳು. ನಾನು ಅತ್ತೆ.

ಸೂರ್ಯ ಹುಟ್ಟಿದ ಮೇಲೆ ಚೇಚಿ ಅಂಗಳ ದಾಟಿ ಬಂದರು. ಅವರ ಮುಖ ಎಂದಿನ ಹಾಗೆ ಇರಲಿಲ್ಲ.

“ನಿನ್ನೆ ಎಂತ ಆಯ್ತು ಮೋಳೇ? ಮಗು ಅಷ್ಟು ಅತ್ತದ್ದು, ನೀನು ಎತ್ತಲೇ ಇಲ್ವಾ?”

“ಎತ್ತಿಕೊಂಡೇ ಇದ್ದೆ ಚೇಚಿ. ರಾತ್ರಿ ಇಡೀ ಇಲ್ಲಿ, ಸಿಟೌಟಲ್ಲೇ ನಡೀತಾ ಇದ್ದೆ.”

ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಬೇಸರವಾದದ್ದು ಕಾಣುತ್ತಿತ್ತು.

“ನಾನು ಮತ್ತೆ ಮತ್ತೆ ಎದ್ದು ನೋಡಿದೆ,” ಎಂದರು ಮೆಲ್ಲಗೆ. “ಲೈಟ್ ಉರೀತಾ ಇತ್ತು. ಅಳು ಕೇಳ್ತಾ ಇತ್ತು. ಸಿಟೌಟಲ್ಲಿ ಯಾರೂ ಇರ್ಲಿಲ್ಲ ಮೋಳೇ.”

ಆ ತಿಂಗಳೇ ಮನೆ ಬಿಟ್ಟು ಉಪ್ಪಿನಂಗಡಿಗೆ ಬಂದೆವು. ಪುತ್ತೂರಿಗೆ ಹತ್ತಿರವಾಗುತ್ತದೆ ಎಂದು ದೀಪಕ್‌ಗೆ ಹೇಳಿದೆ. ಅವನು ಇಂದಿಗೂ ನೆಂಟರ ಎದುರು ಆ ರಾತ್ರಿಗಳ ಬಗ್ಗೆ, ನಾನು ಮಗುವನ್ನು ಹೊತ್ತು ನಡೆದದ್ದರ ಬಗ್ಗೆ ಹೆಮ್ಮೆಯಿಂದ ಹೇಳುತ್ತಾನೆ. ನಾನು ತಟ್ಟೆ ನೋಡುತ್ತಾ ಕೂರುತ್ತೇನೆ. ಚೇಚಿ ಮೊದಲು ಕಂಡ ಆ ಸೀರೆಯವಳು ಯಾರು ಎಂದು ಈಗ ಹೆಚ್ಚು ಯೋಚಿಸುವುದಿಲ್ಲ. ಆ ಕೊನೆಯ ರಾತ್ರಿ, ಅಷ್ಟು ಬೆಳಕಿನಲ್ಲಿ, ನಾನೇಕೆ ಅವರಿಗೆ ಕಾಣಿಸಲಿಲ್ಲ... ಅದೊಂದು ಮಾತ್ರ ನನ್ನನ್ನು ಮಲಗಲು ಬಿಡುವುದಿಲ್ಲ.