ಗಾಳಿಯಲ್ಲಿ ಅಕ್ಕನ ಲಿವರ್

ಒಡಹುಟ್ಟಿದವರ ಮುಖ, ಗೊರಕೆ, ಹಟ ಎಲ್ಲ ನಮಗೆ ಗೊತ್ತಿರುತ್ತದೆ. ಅವರ ಲಿವರ್ ಹೇಗಿದೆಯೆಂದು ಯಾರೂ ನೋಡಲು ಹೋಗುವುದಿಲ್ಲ. ನಾನು ನೋಡಿದೆ. ನೋಡಿ, ಪೆದ್ದನಂತೆ ಕೈ ಮುಗಿದುಬಿಟ್ಟೆ.

ಕುಷಾಯಿಗೂಡದ ಮನೆಯಲ್ಲಿ ನಾನು, ಶಾಂತಕ್ಕ ಇಬ್ಬರೇ. ನನಗೆ ಮದುವೆಯಾಗಲಿಲ್ಲ, ಅವಳ ಯಜಮಾನರು ಬೇಗ ತೀರಿಕೊಂಡರು. ಹೀಗಾಗಿ ಜಗಳಕ್ಕೂ ನಮಗೆ ನಾವೇ. ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿತು ಎನ್ನುತ್ತೇವಲ್ಲ, ಅಕ್ಕನ ಪಿತ್ತ ನೆತ್ತಿಯಿಂದ ಇಳಿದದ್ದೇ ಕಡಿಮೆ. ಅದು ಹುಟ್ಟುವ ಜಾಗವಾದ ಲಿವರಿನಲ್ಲೇ ಗಡ್ಡೆಯಿದೆ ಎಂದು ಸ್ಕ್ಯಾನ್ ಹೇಳಿತು. ಆಪರೇಷನ್ ಮಾಡಬಹುದು ಎಂದರು.

ಸರ್ಜನ್ ಮೈಸೂರಿನ ಹೆಣ್ಣುಮಗಳು. ಆಪರೇಷನ್ ಹೇಗೆಂದು ತೋರಿಸಲು ದಪ್ಪ ಕನ್ನಡಕದಂಥದ್ದೊಂದನ್ನು ನನ್ನ ತಲೆಗೆ ಕಟ್ಟಿದರು. ಕೋಣೆ, ಮೇಜು, ಅಕ್ಕ ಎಲ್ಲ ಹಾಗೇ ಕಂಡವು. ನಡುವೆ ಗಾಳಿಯಲ್ಲಿ, ಸ್ಕ್ಯಾನಿನಿಂದ ಮೂಡಿಸಿದ ಅಕ್ಕನ ಕಂದು ಬಣ್ಣದ ಲಿವರ್, ಅದರೊಳಗೆ ಬೇರುಗಳಂತೆ ಕೆಂಪು, ನೀಲಿ ರಕ್ತನಾಳಗಳು, ಒಂದು ಹಳದಿ ಗಡ್ಡೆ. ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು.

"ಅದೇನು ದೇವರ ಮೂರ್ತಿ ಏನೋ ರಾಘು? ನನ್ನ ಹೊಟ್ಟ್ಯಾಗಿನ ಸಾಮಾನದು," ಎಂದಳು ಅಕ್ಕ.

ಡಾಕ್ಟರು ತಾವೂ ಅಂಥದೇ ಕನ್ನಡಕ ಹಾಕಿಕೊಂಡು ಲಿವರಿನ ಸುತ್ತ ನಡೆದರು. ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಸ್ಕ್ಯಾನ್ ನೋಡಿದಾಗ ದಾರಿಯಿದೆ ಅನ್ಸಿತ್ತು. ಇಲ್ಲಿ ನೋಡಿದ್ರೆ ಗಡ್ಡೆ ದೊಡ್ಡ ರಕ್ತನಾಳನ ಹಿಂದಿನಿಂದ ಸುತ್ಕೊಂಡಿದೆ. ಪೂರ್ತಿ ತೆಗೆದ್ರೆ ಉಳಿಯೋ ಲಿವರ್ ಸಾಲಲ್ಲ, ಅಮ್ಮ."

"ನನಗೂ ತೋರಸ್ರಿ."

ಅಕ್ಕ ಬಹಳ ಹೊತ್ತು ನೋಡಿದಳು. "ಕೊಯ್ದ್ರ ಇಲ್ಲೇ ಹೋಗ್ತೀನಿ, ಬಿಟ್ರ ಮನ್ಯಾಗ ಹೋಗ್ತೀನಿ. ಹೌದಲ್ರಿ?"

ಡಾಕ್ಟರು ಮುಖ ತಿರುಗಿಸಲಿಲ್ಲ. "ಹೌದಮ್ಮ."

"ಹಂಗಾರ ಮನೀಗೆ ಹೋಗ್ತೀವಿ ಬಿಡ್ರಿ."

ಇನ್ನೊಬ್ಬ ಡಾಕ್ಟರೂ ಅದನ್ನೇ ಹೇಳಿದರು. ನಾನು ಆ ಯಂತ್ರವನ್ನು ಶಪಿಸಿದೆ. ಕಾಣದಿದ್ದರೆ ಕತ್ತರಿಸುತ್ತಿದ್ದರು, ಕತ್ತರಿಸುವವರೆಗಾದರೂ ಆಸೆ ಇರುತ್ತಿತ್ತು. ಅಕ್ಕನಿಗೆ ಅಂಥ ಆಸೆ ಬೇಕಿರಲಿಲ್ಲ. ಸುಲ್ತಾನ್ ಬಜಾರಿಗೆ ಹೋಗೋಣವೆಂದು ಹಟ ಹಿಡಿದು, ಹಸಿರು ಸೀರೆಯೊಂದನ್ನು ಆರಿಸಿದಳು. "ಐದು ವರ್ಷ ರಂಗು ಹೋಗಲ್ಲಮ್ಮಾ," ಎಂದ ಅಂಗಡಿಯವನು. "ಯುಗಾದಿ ದಾಟಿದ್ರ ಸಾಕಪ್ಪಾ," ಎಂದು ಅವಳು ನಕ್ಕಳು. ನಾನು ಬೀದಿಯ ಕಡೆ ಮುಖ ಮಾಡಿಕೊಂಡೆ.

ಯುಗಾದಿಗೆ ಉಟ್ಟಳು. ಶ್ರಾವಣಕ್ಕೆ ಮುಂಚೆ, ಹಾಲಿನವನನ್ನು ಬೈದು ಬಂದು ಮಲಗಿದವಳು, ತನ್ನ ಹಾಸಿಗೆಯಲ್ಲೇ ಹೋದಳು. ಹೊಟ್ಟೆಯ ಮೇಲೆ ಗಾಯವಿರಲಿಲ್ಲ. ಆ ಯಂತ್ರವೋ ದೇವರೋ, ಅಷ್ಟನ್ನು ಯಾರೋ ನಮಗೆ ಉಳಿಸಿಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ಕೇಳಬಾರದೆಂದು ಗೊತ್ತು. ಆದರೂ ಕೇಳುತ್ತಲೇ ಇದ್ದೇನೆ.