ಹೆಸರು ಕರೆದು ರೋಲರ್ ತೆಗೆಯುತ್ತಿದ್ದ ಅದ್ರಾಮಾಕ

ಇಲ್ಲ... ನಂಬಲಿಕ್ಕೆ ಆಗುತ್ತಿಲ್ಲ.
ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಫೋನ್ ಬಂತು.
ಸ್ಕ್ರೀನಿನಲ್ಲಿ ಅವರದೇ ಹೆಸರು.
ಎಂದಿನಂತೆ ಸ್ಪೀಕರ್ ಆನ್ ಮಾಡಿ ಅಪ್ಪನ ದಿಂಬಿನ ಪಕ್ಕ ಇಡಲು ಹೊರಟೆ.
ಮಾತನಾಡಿದ್ದು ಅವರ ಮಗ ಹನೀಫ್.
"ಅಕ್ಕಾ, ಸ್ಪೀಕರ್ ಆಫ್ ಮಾಡಿ... ಬಾಪ ಹೋದ್ರು."

ಮಾಣಿ ಊರಿನ ಅದ್ರಾಮಾಕ ಇನ್ನಿಲ್ಲ.
ಎಂಬತ್ತೇಳು ವರ್ಷ. ವಯಸ್ಸಾಗಿತ್ತು, ಒಪ್ಪುತ್ತೇನೆ...
ಆದರೆ ನಿನ್ನೆ ಬೆಳಿಗ್ಗೆ ಕೇಳಿದ ಆ ಸ್ವರಕ್ಕೆ ವಯಸ್ಸಾಗಿರಲಿಲ್ಲ.

ಈ ಫ್ರೆಂಡ್ಸ್ ಲಿಸ್ಟಿನಲ್ಲಿರುವ ಹೆಚ್ಚಿನವರಿಗೆ ಅವರು ಗೊತ್ತಿಲ್ಲ.
ಅರವತ್ತರ ದಶಕದಲ್ಲಿ ಬೆಳ್ತಂಗಡಿಯಿಂದ ಮುಂಡಾಜೆ ಕಡೆಗೆ ಡಾಮರು ಬೀಳುವಾಗ ರೋಡ್ ರೋಲರ್ ನಡೆಸುತ್ತಿದ್ದವರು.
ನನ್ನ ಅಪ್ಪ ದೂಮಪ್ಪ ಅದೇ ಗ್ಯಾಂಗಿನಲ್ಲಿ ಜಲ್ಲಿ ಹರಡುತ್ತಿದ್ದರು. ಆಗ ಅಪ್ಪನಿಗೆ ಇಪ್ಪತ್ತೆರಡು.

ರಸ್ತೆ ಅಗಲ ಮಾಡಲು ಬದಿಯ ಮರಗಳನ್ನೆಲ್ಲ ಕಡಿದಿದ್ದರಂತೆ.
ಮಧ್ಯಾಹ್ನ ಗಂಜಿ ಉಂಡ ಮೇಲೆ ಇದ್ದ ನೆರಳು ಒಂದೇ... ನಿಂತ ರೋಲರಿನ ಅಡಿ.
ಒದ್ದೆ ಗೋಣಿ ಹಾಸಿ, ಮುಖಕ್ಕೆ ಹೆಗಲ ಬೈರಾಸು ಮುಚ್ಚಿ, ಆ ಕಬ್ಬಿಣದ ಚಕ್ರಗಳ ನಡುವೆ ಮಲಗುತ್ತಿದ್ದರು.
ಅದ್ರಾಮಾಕ ಬೈದು ನೋಡಿದರು. ಯಾರೂ ಕೇಳಲಿಲ್ಲ.
ಆಮೇಲೆ ಅವರೇ ಒಂದು ಕಟ್ಟಳೆ ಮಾಡಿದರು. ಗಾಡಿಗೆ ಒಂದು ಸುತ್ತು ಬರುವುದು. ಹನ್ನೊಂದು ಜನರ ಹೆಸರು ಒಂದೊಂದಾಗಿ ಕರೆಯುವುದು.
ಹನ್ನೊಂದು 'ಓ' ಕೇಳದೆ ಗಾಡಿ ತೆಗೆಯುವುದಿಲ್ಲ.

ಸೂಪರ್‌ವೈಸರ್ ತಮಾಷೆ ಮಾಡಿದ್ದರಂತೆ, "ಏನು ಬ್ಯಾರಿ, ಇಲ್ಲಿ ಶಾಲೆ ನಡೆಸ್ತೀಯಾ? ನಿನ್ನ ಹಾಜರಿ ಮುಗಿಯುವಾಗ ಸಂಜೆ ಆಗ್ತದೆ."
"ಹೌದು ಧಣಿ. ನನ್ನ ಶಾಲೆಯಲ್ಲಿ ಫೇಲಾದವ ಮನೆಗೆ ಹೋಗುವುದಿಲ್ಲ."

ಒಂದು ದಿನ "ದೂಮಾ..." ಎಂದಾಗ ಅಪ್ಪ ಅಲ್ಲಿ ಕಾಣಲಿಲ್ಲ.
ಜತೆಯ ಬಾಬು, ಇವ ತೋಡಿನ ನೀರಿಗೆ ಹೋಗಿರಬೇಕು, ಪಾಪ, ಬೈಗುಳ ತಪ್ಪಲಿ ಎಂದು ತಾನೇ 'ಓ' ಅಂದ.
ಸ್ನೇಹದಲ್ಲಿ ಹೇಳಿದ್ದು.
ಅದ್ರಾಮಾಕನ ಕೈ ಆಗಲೇ ಲಿವರಿನ ಮೇಲಿತ್ತು.
"ಅದು ದೂಮನ ಸ್ವರ ಅಲ್ಲ" ಎಂದರು. ಕೆಳಗೆ ಹಾರಿದರು.
ಅವರು ಸುತ್ತು ಮುಗಿಸಿದ ಮೇಲೆ ಅಪ್ಪ ಇನ್ನೊಂದು ಬದಿಯಿಂದ ನುಸುಳಿ ಮಲಗಿದ್ದರು... ಹಿಂದಿನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ. ಗಾಢ ನಿದ್ದೆ.
ಅಪ್ಪನಿಗೆ ಅವರು ಹೊಡೆಯಲಿಲ್ಲ. ರಸ್ತೆ ಬದಿಯಲ್ಲಿ ಕುಳಿತು ಬೀಡಿ ಹಚ್ಚಲು ನೋಡಿದರು. ಮೂರು ಕಡ್ಡಿ ಆರಿದವು.
ಕೊನೆಗೆ ಬಾಬುವಿಗೆ ಇಷ್ಟೇ ಹೇಳಿದರು, "ಒಬ್ಬನ ಓ ಇನ್ನೊಬ್ಬ ಹೇಳುವುದು ಬೇಡ."

ಅದ್ರಾಮಾಕ...
ಇವತ್ತು ಹೇಳಿಬಿಡುತ್ತೇನೆ.
ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು.

ಮೂರು ವರ್ಷದಿಂದ ಅಪ್ಪನಿಗೆ ಮರೆವು. ನನ್ನ ಹೆಸರೂ ಹೋಯಿತು.
ಸ್ನಾನ ಮಾಡಿಸುವವಳು ನಾನು. ಬಟ್ಟೆ ಬದಲಿಸುವವಳು ನಾನು.
ನನಗಿಷ್ಟದ ಕವಿತೆ ಓದಿ ಹೇಳಿದರೆ ನಿದ್ದೆ ಹೋಗುತ್ತಾರೆ.
ನೀವು ಎಂಟು ಗಂಟೆಗೆ ಫೋನಿನಲ್ಲಿ "ದೂಮಾ..." ಎಂದರೆ ಸಾಕು, 'ಓ' ಎಂದು ಕಣ್ಣು ಬಿಡುತ್ತಾರೆ.
ಆ ಮೇಲೆಯೇ ಗಂಜಿ, ಆ ಮೇಲೆಯೇ ಮಾತ್ರೆ.
ಮಗಳು ನಾನು... ಮೂಡುಬಿದಿರೆಯ ಈ ಕೋಣೆಯಲ್ಲಿ ಪಕ್ಕದಲ್ಲೇ ಇದ್ದೇನೆ. ಆ 'ಓ' ಮಾತ್ರ ಮಾಣಿಗೆ ಹೋಗುತ್ತಿತ್ತು.

ಕಳೆದ ವರ್ಷ ಒಂದು ದಿನ ಬೇಕೆಂದೇ ಫೋನ್ ಸ್ವಿಚ್ ಆಫ್ ಮಾಡಿದೆ.
ನೀವಿಲ್ಲದೆಯೂ ನಡೆಯುತ್ತದೆ ಎಂದು ತೋರಿಸಬೇಕಿತ್ತು... ಯಾರಿಗೆ ಎಂದು ಗೊತ್ತಿಲ್ಲ.
ಅಪ್ಪ ಬಾಯಿ ಬಿಗಿಹಿಡಿದು ಮಲಗಿದರು.
ಹನ್ನೆರಡು ಗಂಟೆಗೆ ಗೇಟಿನಲ್ಲಿ ನೀವು. ಎರಡು ಬಸ್ಸು ಬದಲಿಸಿ, ಏದುಸಿರು ಬಿಡುತ್ತಾ...
"ಫೋನ್ ತಾಗ್ಲಿಲ್ಲ ಮಗಾ. ಇವನ ಓ ಕೇಳದೆ ಮನೆಯಲ್ಲಿ ಹೇಗೆ ಕೂತುಕೊಳ್ಳುವುದು?"
ನೆಟ್‌ವರ್ಕ್ ಇರಲಿಲ್ಲ ಎಂದು ಸುಳ್ಳು ಹೇಳಿದೆ.
ಸುಳ್ಳು ನಿಮಗೆ ತಿಳಿದಿತ್ತು ಅಂತ ಕಾಣುತ್ತದೆ. ಸ್ವರ ಗುರುತಿಸುವವರು ನೀವು.

ಇವತ್ತು ಹನೀಫ್ ಫೋನ್ ಇಟ್ಟ ಮೇಲೆ ಗಂಜಿ ಆರುತ್ತಿತ್ತು.
ಸ್ವರ ದಪ್ಪ ಮಾಡಿ ನಾನೇ ಕರೆದೆ. ಹೆತ್ತ ಅಪ್ಪನನ್ನು ಹೆಸರು ಹಿಡಿದು... "ದೂಮಾ..."
ಅಪ್ಪ ಕಣ್ಣು ಬಿಟ್ಟರು.
"ಅದು ಅದ್ರಾಮನ ಸ್ವರ ಅಲ್ಲ."
ವಿಷಯ ಹೇಳಿದೆ. ಅರ್ಥವಾಯಿತೋ ಇಲ್ಲವೋ...
ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆಗೆ ತಿರುಗಿ ಅವರೇ ಕರೆದರು, "ಅದ್ರಾಮಾ..."
ನಿಮ್ಮ ಹೆಸರನ್ನು ಅಪ್ಪ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.
ಕಾದರು. ತುಂಬಾ ಹೊತ್ತು ಕಾದರು.
"ಓ ಹೇಳಲಿಲ್ಲ... ಗಾಡಿ ತೆಗೆಯುವುದು ಬೇಡ."

ಆಗ ಹೊಳೆಯಿತು. ನಾನೂ ದಿನವೂ ಕರೆದವಳೇ.
ಆದರೆ ಕಾದವಳಲ್ಲ. 'ಅಪ್ಪಾ' ಎನ್ನುವುದರೊಳಗೆ ಚಮಚ ತುಟಿಗೆ ತಾಗಿಸಿರುತ್ತಿದ್ದೆ.

ಈ ಲಿಸ್ಟಿನಲ್ಲಿ ಜೆಸಿಬಿ, ರೋಲರ್ ನಡೆಸುವವರು, ಸೈಟ್ ನೋಡಿಕೊಳ್ಳುವವರು ಇದ್ದೀರಿ.
ಕನ್ನಡಿ ಉಂಟು, ಹಾರ್ನ್ ಉಂಟು ಎನ್ನಬೇಡಿ.
ಇಳಿದು ಒಂದು ಸುತ್ತು ಬನ್ನಿ. ಹೆಸರು ಹಿಡಿದು ಕರೆಯಿರಿ. ಉತ್ತರ ಬರುವ ತನಕ ಕಾಯಿರಿ.
ಹಾಗೆ ಕಾದವರೊಬ್ಬರಿಂದಾಗಿ ನಾನು ಹುಟ್ಟಿದ್ದೇನೆ.

ಮಧ್ಯಾಹ್ನದ ನಮಾಜಿನ ನಂತರ ದಫನ ಆಯಿತು. ಅಪ್ಪನನ್ನು ಬಿಟ್ಟು ಬರಲು ಆಗಲಿಲ್ಲ, ಕ್ಷಮಿಸಿ.
ಆ ಹೊತ್ತಿಗೆ ಬಟ್ಟಲು ಹಿಡಿದು, ನನ್ನದೇ ಸ್ವರದಲ್ಲಿ "ಅಪ್ಪಾ..." ಎಂದೆ.
ಕಾದೆ.
ಗಂಜಿ ಎರಡು ಸಲ ಬಿಸಿ ಮಾಡಿದೆ... ಮತ್ತೆ ಕಾದೆ.
ಕೊನೆಗೆ ಬಾಯಿ ತೆರೆದರು. ಗಂಜಿಗೆ ಮಾತ್ರ.
ಓ ಹೇಳಲಿಲ್ಲ.

ಆ 'ಓ' ನಿಮ್ಮದೇ, ಅದ್ರಾಮಾಕ. ನೀವೇ ತೆಗೆದುಕೊಂಡು ಹೋಗಿ.
ನೆಮ್ಮದಿಯಾಗಿ ಮಲಗಿ...
ನಿಮ್ಮ ಜೀವಕ್ಕೆ ತಂಪು ನೆರಳು ಸಿಗಲಿ.