ಲವಂಗಕ್ಕ ಕೇಳಿ ತರಿಸಿಕೊಂಡ ಸಾಮಾನುಗಳು

ದಂತವೈದ್ಯಶಾಸ್ತ್ರದ ದಪ್ಪ ಗ್ರಂಥಗಳಲ್ಲಿ ತಾತ್ಕಾಲಿಕ ಸಿಮೆಂಟಿಗೆ ದೊರೆಯುವ ಗೌರವ ಹೆಚ್ಚೆಂದರೆ ಒಂದೂವರೆ ಪುಟದ್ದು. ಹುಳುಕು ಹಲ್ಲನ್ನು ಕೊರೆದು, ಒಳಗೆ ಔಷಧಿ ಇಟ್ಟು, ರೋಗಿ ಮುಂದಿನ ವಾರ ಬರುವ ತನಕ ತೂತನ್ನು ಮುಚ್ಚಿಡುವ ಆ ಬಿಳಿ ಮುದ್ದೆಯನ್ನು ಬಲ್ಲವರೆಲ್ಲ ಮಲತಾಯಿಯ ಕಣ್ಣಿನಿಂದಲೇ ನೋಡುತ್ತ ಬಂದಿದ್ದಾರೆ. ಅಂಥ ಅನಾದರದ ವಸ್ತುವನ್ನು ಮೂವತ್ತಾರು ವರ್ಷ ಗಾಜಿನ ಹಲಗೆಯ ಮೇಲೆ ಶ್ರದ್ಧೆಯಿಂದ ಕಲಸಿ, ನಮ್ಮ ದಂತ ಆಸ್ಪತ್ರೆಯ ಮೂರನೆಯ ಕೋಣೆಗೆ ಹೆಸರು ತಂದ ಸಹಾಯಕಿಯವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆಯೇ ಹೆಸರಿದೆ. ಆದರೆ ಎಷ್ಟು ತೊಳೆದರೂ ಬೆರಳು ಬಿಟ್ಟು ಹೋಗದ ಲವಂಗದೆಣ್ಣೆಯ ವಾಸನೆಯಿಂದಾಗಿ ಅವರು ನಮಗೂ ರೋಗಿಗಳಿಗೂ ಲವಂಗಕ್ಕನೇ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸೇವೆಗೆ ಸೇರಿದ ಅವರಿಗೆ ಆಗಿನ ಹಿರಿಯ ವೈದ್ಯರು ಮೊದಲ ಆರು ತಿಂಗಳು ಸಿಮೆಂಟಿನ ಪುಡಿಗೆ ಲವಂಗದೆಣ್ಣೆ ಬೆರೆಸುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಿಲ್ಲವಂತೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಸಿಮೆಂಟು ಅವಸರಪಟ್ಟು ಗಟ್ಟಿಯಾಗುತ್ತದೆ, ಒಣಹವೆಯಲ್ಲಿ ಸೋಮಾರಿಯಾಗುತ್ತದೆ. ಲವಂಗಕ್ಕ ಬೆಳಿಗ್ಗೆ ಕಿಟಕಿ ತೆರೆದು ಒಮ್ಮೆ ಮೂಗರಳಿಸಿದರೆ ಸಾಕು, ಆ ದಿನ ಎಷ್ಟು ಪುಡಿಗೆ ಎಷ್ಟು ಹನಿ ಎಂಬುದು ತೀರ್ಮಾನವಾಗುತ್ತಿತ್ತು. ಅವರು ಕಲಸಿದ ಮುದ್ದೆ ಬೆರಳಿಗೆ ಅಂಟುತ್ತಿರಲಿಲ್ಲ, ಬಿರುಕೂ ಬಿಡುತ್ತಿರಲಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಆ ಕೋಣೆಗೆ ಹೊಸ ವೈದ್ಯೆಯೊಬ್ಬಳು ಬಂದಳು. ಅಕ್ಕನ ಅಭಿನಂದನ ಗ್ರಂಥಕ್ಕೆ ಈ ಲೇಖನವನ್ನು ಬರೆಯುತ್ತಿರುವವಳು ಅವಳೇ. ಆದರೆ ಅವಳ ಅಂದಿನ ಅಧಿಕಪ್ರಸಂಗತನವನ್ನು ನೆನೆದರೆ 'ನಾನು' ಎನ್ನಲು ಇಂದಿಗೂ ನಾಲಿಗೆ ಏಳುವುದಿಲ್ಲ. ಆದ್ದರಿಂದ ಸದ್ಯಕ್ಕೆ 'ಅವಳು' ಎಂದೇ ಇರಲಿ.

ಬಂದ ಮೊದಲ ವಾರವೇ ಅವಳ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಎರಡನೆಯ ಭೇಟಿಗೆ ಬರುವ ರೋಗಿಗಳು ಬಾಯಿ ತೆರೆಯುವ ಮುನ್ನ ಜೇಬು ತೆರೆಯುತ್ತಿದ್ದರು. ದರ್ಜಿಯಾಕೆ ಜೋಡಿಯಿಲ್ಲದ ಗುಂಡಿಯೊಂದನ್ನು, ಗಡಿಯಾರ ರಿಪೇರಿಯವರು ಹಲ್ಲು ಮುರಿದ ಪುಟ್ಟ ಚಕ್ರವನ್ನು, ಬಡಗಿ ಹೆರೆದ ಮರದ ಸುರುಳಿಯನ್ನು ಲವಂಗಕ್ಕನ ಅಂಗೈಗೆ ಹಾಕುತ್ತಿದ್ದರು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, 'ಆಹಾ, ಇಂಥದ್ದೇ ಬೇಕಿತ್ತು' ಎಂದು ಬಿಸ್ಕತ್ತಿನ ಡಬ್ಬಿಗೆ ಸೇರಿಸುತ್ತಿದ್ದರು. ಇದೇನಪ್ಪಾ ಇದು, ಮುರಿದ ಚಕ್ರದಿಂದ ಈ ಹೆಂಗಸಿಗೆ ಏನಾಗಬೇಕು? ವೈದ್ಯೆ ಕದ್ದು ನೋಡಿದಳು, ಡಬ್ಬಿಯ ಮುಚ್ಚಳವನ್ನೂ ತೆಗೆದಳು, ಎರಡು ರಾತ್ರಿ ತಲೆ ಕೆರೆದುಕೊಂಡಳು. ನೇರವಾಗಿ ಕೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದಳು. ಕೊನೆಗೆ, ಇಂದು ಗುಂಡಿ ತೆಗೆದುಕೊಂಡವರು ನಾಳೆ ಚಿನ್ನದುಂಗುರವನ್ನೂ ತೆಗೆದುಕೊಂಡಾರು ಎಂದು ತೀರ್ಮಾನಿಸಿ, 'ಸಿಬ್ಬಂದಿಯು ರೋಗಿಗಳಿಂದ ಯಾವುದೇ ವಸ್ತುವನ್ನು ಸ್ವೀಕರಿಸತಕ್ಕದ್ದಲ್ಲ' ಎಂದು ಬರೆದು ಗೋಡೆಗೆ ಅಂಟಿಸಿದಳು. ಲವಂಗಕ್ಕ ಕನ್ನಡಕ ಹಾಕಿಕೊಂಡು ಓದಿ, 'ಆಯ್ತು ಡಾಕ್ಟ್ರೇ' ಎಂದರು. ಅಂದಿನಿಂದ ಯಾರಿಂದಲೂ ಏನನ್ನೂ ಕೇಳಲಿಲ್ಲ.

ಐದು ತಿಂಗಳಾದ ಮೇಲೆ ಅದೇ ಬಡಗಿ ಕೆನ್ನೆ ಊದಿಸಿಕೊಂಡು ಬಂದರು. ಈ ಸಲದ್ದು ಇನ್ನೊಂದು ದವಡೆ ಹಲ್ಲು. ಕೆಲವು ತಿಂಗಳ ಹಿಂದೆ ವೈದ್ಯೆಯೇ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟು ಹಾಕಿ ಕಳಿಸಿದ್ದಳು. ಅದು ಕೆಲವು ವಾರ ತಡೆದು, ಸವೆದು, ಉದುರಿತ್ತು. ಒಳಗೆ ಕೀವು ತುಂಬಿತ್ತು, ಹಲ್ಲು ಎರಡು ಹೋಳಾಗಿತ್ತು. ಉಳಿಸುವ ದಾರಿಯೇ ಇರಲಿಲ್ಲ.

'ಒಂದು ವಾರಕ್ಕೇ ಬನ್ನಿ ಅಂದಿದ್ದೆನಲ್ಲ!' ಎಂದು ವೈದ್ಯೆ ರೇಗಿದಳು.

'ನೋವು ಹೋಯ್ತಲ್ಲಮ್ಮ, ಎಲ್ಲ ಮುಗೀತು ಅಂದ್ಕೊಂಡೆ. ಹೋದ್ಸಲ ಆದ್ರೆ ಅಕ್ಕ ಮರದ ಸುರುಳಿ ತನ್ನಿ ಅಂದಿದ್ರು, ಕೊಟ್ಟ ಮಾತು ಅಂತ ಬಂದೆ. ಈ ಸಲ ಅವರು ಏನೂ ಕೇಳ್ಲೇ ಇಲ್ಲ.'

ಹಲ್ಲು ಕಿತ್ತು ಅವರನ್ನು ಕಳಿಸಿದ ಮೇಲೆ ವೈದ್ಯೆ ರಿಜಿಸ್ಟರು ತೆರೆದಳು. ನೋಟಿಸಿಗೆ ಮುಂಚೆ ತಾತ್ಕಾಲಿಕ ಸಿಮೆಂಟು ಹಾಕಿಸಿಕೊಂಡ ಪ್ರತಿ ಹತ್ತು ಜನರಲ್ಲಿ ಒಂಬತ್ತು ಜನ ಮರಳಿ ಬಂದು ಶಾಶ್ವತ ಸಿಮೆಂಟು ಹಾಕಿಸಿಕೊಂಡಿದ್ದರು. ಆಮೇಲೆ ಹತ್ತರಲ್ಲಿ ಬಂದವರು ಐದೇ ಜನ. ಉಳಿದವರ ಹಲ್ಲುಗಳು ಎಲ್ಲೆಲ್ಲಿ ಸವೆಯುತ್ತಿದ್ದವೋ ಏನೋ! ಅವಳು ರಿಜಿಸ್ಟರು ಮುಚ್ಚಿ ಲವಂಗಕ್ಕನ ಕಡೆ ತಿರುಗಿದಳು.

'ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕಾ?'

'ನೀವು ಕೇಳ್ಲಿಲ್ಲವಲ್ಲ ಡಾಕ್ಟ್ರೇ, ಬರೆದು ಅಂಟಿಸಿಬಿಟ್ರಿ. ನಾನು ಹೇಳ್ಬೇಕಿತ್ತು, ನನಗೂ ಸಿಟ್ಟು ಬಂದಿತ್ತು. ತಪ್ಪು ನಂದೂ ಇದೆ.' ಹಲಗೆ ಒರೆಸುತ್ತಲೇ ಅವರು ಮುಂದುವರಿಸಿದರು: 'ನೋವು ನಿಂತ ಮೇಲೆ ಹಲ್ಲು ಯಾರಿಗೆ ನೆನಪಿರುತ್ತೆ? ಆದ್ರೆ ಯಾರೋ ಒಬ್ಬರು ನಮ್ಮಿಂದ ಏನೋ ಬೇಕು ಅಂತ ಕಾಯ್ತಿದ್ದಾರೆ ಅನ್ನೋದು ಮರೆಯಲ್ಲ.'

ವೈದ್ಯೆ ನೋಟಿಸನ್ನು ತಾನೇ ಕಿತ್ತು ಹಾಕಿದಳು. ಆದರೆ ಬಡಗಿಯ ಬಾಯಿಯ ಆ ಖಾಲಿ ಜಾಗ ಕಣ್ಣ ಮುಂದಿನಿಂದ ಹೋಗಲಿಲ್ಲ. ಸಂಜೆ ಕುಳಿತು ರಾಜೀನಾಮೆ ಬರೆದಳು. ಬರೆಯುವಷ್ಟರಲ್ಲಿ ಪೆನ್ನಿನ ಶಾಯಿ ಮುಗಿದು, ಸಹಿ ಅರ್ಧಕ್ಕೇ ನಿಂತಿತು. ಚೀಲ ಹೆಗಲಿಗೇರಿಸಿ ಹೊರಟವಳನ್ನು ಲವಂಗಕ್ಕ ಬಾಗಿಲಲ್ಲಿ ತಡೆದರು. ಮೇಜಿನ ಮೇಲಿನ ಕಾಗದವನ್ನು ಅವರು ನೋಡಿದ್ದರೋ ಇಲ್ಲವೋ, ಅದರ ಮಾತೆತ್ತಲಿಲ್ಲ. 'ಡಾಕ್ಟ್ರೇ, ಮನೇಲಿ ಖಾಲಿಯಾದ ರೀಫಿಲ್ ಇದ್ರೆ ನಾಳೆ ಬರುವಾಗ ಒಂದು ತನ್ನಿ, ಮರೀಬೇಡಿ' ಎಂದಷ್ಟೇ ಅಂದರು.

ಮರುದಿನ ಒಂಬತ್ತು ಗಂಟೆಗೆ ರೀಫಿಲ್ ಹಿಡಿದು ಮೂರನೆಯ ಕೋಣೆಯ ಹೊಸ್ತಿಲ ಮೇಲೆ ನಿಂತಾಗಲೇ ಅವಳಿಗೆ ಹೊಳೆದದ್ದು, ತಾನು ಬಂದುಬಿಟ್ಟಿದ್ದೇನೆ ಎಂದು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದರು. 'ಆಹಾ, ಇಂಥದ್ದೇ ಬೇಕಿತ್ತು' ಎಂದರು. ಹೊರಗೆ ಆಗಲೇ ಆರು ಜನ ರೋಗಿಗಳು ಕುಳಿತಿದ್ದರು.

ಆ ಅರ್ಧ ಸಹಿಯ ಕಾಗದ ಹರಿದು ಹನ್ನೊಂದು ವರ್ಷವಾಯಿತು. ಅಂದು ಹೊಸ್ತಿಲಲ್ಲಿ ನಿಂತವಳು ನಾನು. ಈಗ ಹೇಳಲು ನಾಚಿಕೆಯಿಲ್ಲ.

ಮೊನ್ನೆ ಅಕ್ಕನ ಡಬ್ಬಿಗಳನ್ನು ಅವರ ಮನೆಗೆ ಸಾಗಿಸುವ ಮುನ್ನ ನಾವೆಲ್ಲ ಕುಳಿತು ಎಣಿಸಿದೆವು. ಒಡೆದದ್ದು, ಪುಡಿಯಾದದ್ದನ್ನು ಬಿಟ್ಟರೂ ಎರಡು ಸಾವಿರದ ಎಂಬತ್ತು ಸಾಮಾನುಗಳಿವೆ. ಅರವತ್ತು ತುಂಬಿದ ಹಿರಿಯರಿಗೆ ಆಯುರಾರೋಗ್ಯವನ್ನು ಹಾರೈಸುವುದು ಇಂಥ ಗ್ರಂಥಗಳ ಪದ್ಧತಿ. ಆದರೆ ಅಕ್ಕಾ, ಬರಿಯ ಹಾರೈಕೆಗೆ ಯಾರೂ ಮರಳಿ ಬರುವುದಿಲ್ಲವೆಂಬುದನ್ನು ತಾವೇ ನಮಗೆ ಕಲಿಸಿದ್ದೀರಿ. ನಮಗೆ ಆ ಸಾಮಾನುಗಳು ಬೇಕು. ಒಂದೇ ಸಲಕ್ಕೆ ತರಬೇಡಿ, ವಾರಕ್ಕೊಂದರಂತೆ ತನ್ನಿ, ಬಂದಾಗ ಹೊಸ ಹುಡುಗಿಗೆ ಸಿಮೆಂಟು ಕಲಸುವುದನ್ನೂ ಕಲಿಸಿ. ಲೆಕ್ಕ ಹಾಕಿದ್ದೇವೆ, ಸರಿಯಾಗಿ ನಲವತ್ತು ವರ್ಷ ಹಿಡಿಯುತ್ತದೆ. ನನ್ನ ರೀಫಿಲ್ಲನ್ನು ಕಟ್ಟಕಡೆಗೆ ತನ್ನಿ. ಕಾಯುತ್ತಿರುತ್ತೇನೆ, ಮರೆಯಬೇಡಿ.